ಮನೆಯೊಳಗೆ ಆ್ಯಪ್ ಕರೆ ತುಂಡಾಗುತ್ತದೆ, ಮಾಮೂಲಿ ಕರೆ ಸರಿಯಾಗಿದೆ: ಏನು ಮಾಡಬೇಕು?

ಮಲ್ಲೇಶ್ವರ ಎಂಟನೇ ಕ್ರಾಸ್:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಎಪ್ಪತ್ತು ದಾಟಿದ ಅಮ್ಮ ನಮ್ಮ ಹಳೆಯ ಮನೆಯಲ್ಲಿ ನನ್ನ ಜೊತೆ ಇದ್ದಾರೆ. ಹಿಂದೆ ಅವನು ಸ್ಕೈಪ್‌ಗೆ ಹಣ ತುಂಬಿಸಿ ನೇರವಾಗಿ ನಮ್ಮ ಲ್ಯಾಂಡ್‌ಲೈನ್‌ಗೇ ಕರೆ ಮಾಡುತ್ತಿದ್ದ. ಅಮ್ಮ ರಿಸೀವರ್ ಎತ್ತಿದರೆ ಮಾತು ಶುರುವಾಗುತ್ತಿತ್ತು. 2025ರ ಮೇ 5ಕ್ಕೆ ಸ್ಕೈಪ್ ನಿಂತ ಮೇಲೆ ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿ ಆ್ಯಪ್ ಕರೆಯನ್ನು ಅಭ್ಯಾಸ ಮಾಡಿಸಿದ್ದೇವೆ.

ತೊಂದರೆ ಎರಡು ಬಗೆಯದು. ಸಂಜೆ ಏಳರಿಂದ ಹತ್ತರವರೆಗೆ ಧ್ವನಿ ತುಂಡು ತುಂಡಾಗಿ ಕೇಳಿಸುತ್ತದೆ, ಅಮ್ಮ ಮಾತನಾಡುತ್ತಲೇ ಅಡುಗೆಮನೆಗೆ ಹೋದರೆ ಪೂರ್ತಿ ನಿಂತುಹೋಗುತ್ತದೆ. ಎರಡನೆಯದು, ಎಷ್ಟೋ ಸಲ ಫೋನ್ ರಿಂಗ್ ಆಗುವುದೇ ಇಲ್ಲ. ಕೈಗೆತ್ತಿಕೊಂಡು ಪರದೆ ಬೆಳಗಿದ ಮೇಲೆ ಮಿಸ್ಡ್ ಕಾಲ್‌ಗಳು ಸಾಲಾಗಿ ಬಂದು ಬೀಳುತ್ತವೆ. ಅದೇ ಫೋನಿಗೆ ಮಾಮೂಲಿ ಕರೆ ಬಂದರೆ ಯಾವ ಕೊರತೆಯೂ ಇಲ್ಲ. ಇಂಟರ್ನೆಟ್ ಕಂಪನಿಯವರನ್ನು ಕೇಳಿದರೆ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ಕ್ಕೆ ಏರಿಸಿ ಎನ್ನುತ್ತಾರೆ. ಏರಿಸಿದರೆ ಸರಿಹೋಗುತ್ತದೆಯೇ ಅಥವಾ ಆ್ಯಪ್ ಅನ್ನೇ ಬದಲಿಸಬೇಕೇ, ತಿಳಿದವರು ಹೇಳಿ.

ಯಲಹಂಕ ಉಪನಗರ:

ಖಂಡಿತ ಏರಿಸಿ. ಸಂಜೆ ಎಲ್ಲರೂ ಟಿವಿಯಲ್ಲಿ ಇಂಟರ್ನೆಟ್ ವೀಡಿಯೊ ನೋಡುತ್ತಾರೆ, 100 ಸಾಕಾಗುವುದಿಲ್ಲ.

ಬೆಳ್ಳಂದೂರು ನಿವಾಸಿ:

ಯಲಹಂಕದವರ ಮಾತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಇಂದಿನ ಬಹುಪಾಲು ಆ್ಯಪ್‌ಗಳು ಬಳಸುವ ಓಪಸ್ ಎಂಬ ಧ್ವನಿ ಕೋಡೆಕ್ (ಮಾತನ್ನು ಸಣ್ಣದಾಗಿ ಹಿಂಡಿ ಕಳಿಸುವ ವಿಧಾನ) 2012ರಲ್ಲಿ ಪ್ರಮಾಣಿತವಾಯಿತು. ಅದು ಸೆಕೆಂಡಿಗೆ 6 ಕಿಲೋಬಿಟ್‌ನಿಂದ 510 ಕಿಲೋಬಿಟ್‌ವರೆಗೆ ಯಾವ ವೇಗದಲ್ಲಿ ಬೇಕಾದರೂ ಕೆಲಸ ಮಾಡಬಲ್ಲದು. ಮಾತಿಗೆ 24 ಕಿಲೋಬಿಟ್ ಎಂದು ಇಟ್ಟುಕೊಳ್ಳಿ. ಮಾತು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ: ಸೆಕೆಂಡಿಗೆ 50 ಪ್ಯಾಕೆಟ್, ಪ್ರತಿ ಪ್ಯಾಕೆಟ್‌ನ ತಲೆಯ ಮೇಲೆ ವಿಳಾಸ ಮುಂತಾದ ವಿವರಗಳ 40 ಬೈಟ್. ಅದೇ 16 ಕಿಲೋಬಿಟ್ ಆಗುತ್ತದೆ. ಒಟ್ಟು 40. ಹೋಗುವುದು ಬರುವುದು ಎರಡೂ ಸೇರಿ ಒಂದು ಗಂಟೆಗೆ ಸುಮಾರು 36 ಎಂಬಿ. ನಿಮ್ಮ 100 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಒಂದು ಲಕ್ಷ ಕಿಲೋಬಿಟ್‌ನಲ್ಲಿ, ಇದು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಬೇಕಿರುವುದು ವೇಗವಲ್ಲ, ಪ್ಯಾಕೆಟ್‌ಗಳು ಕಳೆದುಹೋಗದೆ ಸಮಸಮನಾದ ಅಂತರದಲ್ಲಿ ಬಂದು ತಲುಪುವುದು.

ಅದು ಕೆಡುವುದು ಸಾಮಾನ್ಯವಾಗಿ ರೂಟರ್ ಮತ್ತು ಫೋನಿನ ನಡುವೆ. ರೂಟರ್ ಎಲ್ಲಿದೆ, ಗೋಡೆ ಎಂಥದ್ದು, ಫೋನ್ ಹಿಡಿದಿರುವುದು 2.4 ಗಿಗಾಹರ್ಟ್ಸ್ ವೈಫೈಯನ್ನೋ 5 ಗಿಗಾಹರ್ಟ್ಸ್‌ನದನ್ನೋ, ಇಷ್ಟನ್ನು ಮೊದಲು ತಿಳಿಸಿ. ಹಣ ಕೊಡುವ ಮಾತು ಆಮೇಲೆ.

ಯಲಹಂಕ ಉಪನಗರ:

ಲೆಕ್ಕ ಸರಿ ಇರಬಹುದು ಸರ್. ಆದರೆ ನಮ್ಮ ಮನೆಯಲ್ಲಿ ಪ್ಲಾನ್ ಏರಿಸಿದ ಮೇಲೆ ತೊಂದರೆ ಹೋದದ್ದಂತೂ ನಿಜ.

ಬೆಳ್ಳಂದೂರು ನಿವಾಸಿ:

ಪ್ಲಾನ್ ಏರಿಸುವಾಗ ಅವರು ನಿಮ್ಮ ಮನೆಗೆ ಹೊಸ ರೂಟರ್ ತಂದುಕೊಟ್ಟರೇ? ಕೊಟ್ಟಿದ್ದರೆ ತೊಂದರೆ ಹೋದದ್ದು ಅದರಿಂದಲೇ ಇರಬಹುದು.

ಯಲಹಂಕ ಉಪನಗರ:

ಹೌದು, ಕೊಟ್ಟರು. ಎರಡು ಬ್ಯಾಂಡಿನದು, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವುದು.

ನಿವೃತ್ತ ಎಕ್ಸ್‌ಚೇಂಜ್:

ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುತ್ತೇನೆ. ಮೇಡಂ, ಮಾಮೂಲಿ ಕರೆ ಸರಿಯಾಗಿದ್ದು ಆ್ಯಪ್ ಕರೆ ಮಾತ್ರ ಕೆಡುವುದಕ್ಕೆ ಸ್ಪಷ್ಟವಾದ ಕಾರಣವಿದೆ. ಈಗಿನ 4ಜಿ ಫೋನಿನಲ್ಲಿ ಮಾಮೂಲಿ ಕರೆಯೂ ವೋಲ್ಟಿ (4ಜಿ ಡೇಟಾ ಜಾಲದ ಮೇಲಿನ ಧ್ವನಿ ಕರೆ) ರೂಪದಲ್ಲಿ, ಇಂಟರ್ನೆಟ್‌ನ ಪ್ಯಾಕೆಟ್‌ಗಳಾಗಿಯೇ ಹೋಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾದಾಗ ಅದಕ್ಕೆ 2ಜಿ, 3ಜಿ ಜಾಲವೇ ಇರಲಿಲ್ಲ. ಮೊದಲ ದಿನದಿಂದಲೇ ಎಲ್ಲ ಮಾತುಕತೆಯೂ ಡೇಟಾ ಜಾಲದ ಮೇಲೆಯೇ ನಡೆಯಿತು. ವ್ಯತ್ಯಾಸವಿರುವುದು ಆದ್ಯತೆಯಲ್ಲಿ. ವೋಲ್ಟಿ ಕರೆ ಶುರುವಾದ ಕೂಡಲೇ ಟವರ್ ಆ ಕರೆಯ ಪ್ಯಾಕೆಟ್‌ಗಳನ್ನು ಉಳಿದ ಡೇಟಾಗಿಂತ ಮುಂದೆ ಬಿಡುತ್ತದೆ, ಕರೆ ಮುಗಿಯುವವರೆಗೂ ಅದಕ್ಕೆ ಬೇಕಾದಷ್ಟು ವೇಗ ಸಿಗುವಂತೆ ನೋಡಿಕೊಳ್ಳುತ್ತದೆ. ಆ್ಯಪ್ ಕರೆಗೆ ಈ ಆದ್ಯತೆ ಇಲ್ಲ. ಬೀದಿಯವರೆಲ್ಲ ನೋಡುವ ಕ್ರಿಕೆಟ್, ಇಳಿಸಿಕೊಳ್ಳುವ ಸಿನಿಮಾ ಎಲ್ಲದರ ಜೊತೆ ಅದು ಒಂದೇ ಸಾಲಿನಲ್ಲಿ ನಿಲ್ಲಬೇಕು. ವೈಫೈಯಲ್ಲಿಯೂ ಹೀಗೆಯೇ, ಅಲ್ಲಿ ಟವರಿನ ಜಾಗದಲ್ಲಿ ನಿಮ್ಮ ಪುಟ್ಟ ರೂಟರ್ ಇರುತ್ತದೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಎಂಬ ಶಿಫಾರಸು ಹೇಳುವಂತೆ ಒಂದು ಕಡೆಯಿಂದ ಹೊರಟ ಮಾತು ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. 400 ದಾಟಿದರೆ ಜಾಲದ ಯೋಜನೆಯೇ ಸರಿಯಿಲ್ಲವೆಂದು ಅರ್ಥ. ತಡವಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಜರ್ಮನಿಯವರೆಗೆ ಸಮುದ್ರದಡಿಯ ಕೇಬಲ್‌ನಲ್ಲಿ ಹೋಗಲು ಒಂದಿಷ್ಟು ಕಾಲ ಹಿಡಿದೇ ಹಿಡಿಯುತ್ತದೆ, ಅದನ್ನು ಯಾರೂ ತಪ್ಪಿಸಲಾಗದು. ಉಳಿದ ಅಲ್ಪ ಅವಕಾಶವನ್ನು ನಮ್ಮ ಮನೆಯ ಗೋಡೆಗಳೇ ತಿಂದುಹಾಕಬಾರದು, ಅಷ್ಟೇ.

ಹನುಮಂತನಗರ ಓದುಗ:

ಇಷ್ಟೆಲ್ಲ ತಾಪತ್ರಯ ಏಕೆ? ತಮ್ಮನಿಗೆ ಮಾಮೂಲಿ ಐಎಸ್‌ಡಿ ಕರೆಯನ್ನೇ ಮಾಡಲು ಹೇಳಿ. ನಿಮಿಷಕ್ಕೆ ದುಡ್ಡು ಹೋದರೂ ವಯಸ್ಸಾದವರಿಗೆ ನೆಮ್ಮದಿ ಇರುತ್ತದೆ.

ಕೆಂಗೇರಿ ಅಜ್ಜಿ:

ಹನುಮಂತನಗರದವರೇ, ಮೊಮ್ಮಕ್ಕಳು ಹೊರದೇಶದಲ್ಲಿರುವವರು ಈ ಮಾತು ಹೇಳಲಾರರು. ನನ್ನ ಮೊಮ್ಮಗಳು ಭರತನಾಟ್ಯದ ಅಡವು ಕಲಿತದ್ದನ್ನು ಪ್ರತಿ ಭಾನುವಾರ ಫೋನಿನ ಮುಂದೆ ಕುಣಿದು ತೋರಿಸುತ್ತಾಳೆ, ಕಾಲು ಸರಿಯಾಗಿ ಇಡು ಎಂದು ನಾನು ಇಲ್ಲಿಂದಲೇ ತಿದ್ದುತ್ತೇನೆ. ಐಎಸ್‌ಡಿ ಕರೆಯಲ್ಲಿ ಕಾಲು ಕಾಣಿಸುತ್ತದೆಯೇ? ಹಿಂದೆ ನಮ್ಮ ಯಜಮಾನರು ಅಮೆರಿಕದಲ್ಲಿದ್ದ ಮೈದುನನಿಗೆ ಬೂತಿನಿಂದ ಕರೆ ಮಾಡುವಾಗ, ಗೋಡೆಯ ಮೇಲಿನ ಮೀಟರಿನಲ್ಲಿ ಕೆಂಪು ಅಂಕಿ ಓಡುವುದನ್ನೇ ನೋಡುತ್ತ, ಹೇಳಬೇಕಾದ್ದನ್ನು ಅರ್ಧದಲ್ಲೇ ಬಿಟ್ಟು ಇಟ್ಟುಬಿಡುತ್ತಿದ್ದರು. ಅಮ್ಮ ಮಗ ನಿರಾಳವಾಗಿ ಮಾತನಾಡಲಿ ಬಿಡಿ.

ನಿವೃತ್ತ ಎಕ್ಸ್‌ಚೇಂಜ್:

ಕೆಂಗೇರಿಯ ಅಮ್ಮನವರು ಹೇಳಿದ್ದು ಅಕ್ಷರಶಃ ಸತ್ಯ. 2002ರ ಮಾರ್ಚ್ 31ರವರೆಗೆ ವಿದೇಶ ಕರೆಗಳು ವಿಎಸ್‌ಎನ್‌ಎಲ್ ಎಂಬ ಒಂದೇ ಕಂಪನಿಯ ಏಕಸ್ವಾಮ್ಯದಲ್ಲಿದ್ದವು. ಮರುದಿನದಿಂದಲೇ, ಅಂದರೆ ಏಪ್ರಿಲ್ 1ರಿಂದ, ಸರ್ಕಾರ ಇಂಟರ್ನೆಟ್ ಟೆಲಿಫೋನಿಗೂ ಸೀಮಿತವಾಗಿ ಅನುಮತಿ ಕೊಟ್ಟಿತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾತನಾಡಬಹುದಿತ್ತು. ಕಂಪ್ಯೂಟರಿನಿಂದ ನಮ್ಮ ದೇಶದ ಫೋನಿಗೆ ಮಾತ್ರ ಇಲ್ಲ. ಪರವಾನಗಿ ಇರುವ ಕಂಪನಿಗಳು ಆ್ಯಪ್ ಮೂಲಕ ಫೋನ್ ನಂಬರಿಗೆ ಕರೆ ಕೊಡಬಹುದೆಂದು ಸ್ಪಷ್ಟವಾದದ್ದು 2018ರಲ್ಲಿ, ಆ ವರ್ಷವೇ ಬಿಎಸ್‌ಎನ್‌ಎಲ್ 'ವಿಂಗ್ಸ್' ಎಂಬ ಸೇವೆಯನ್ನು ತಂದಿತು.

ಮಲ್ಲೇಶ್ವರ ಎಂಟನೇ ಕ್ರಾಸ್:

ಬೆಳ್ಳಂದೂರಿನವರ ಪ್ರಶ್ನೆಗೆ ಉತ್ತರ: ರೂಟರ್ ಹಾಲಿನಲ್ಲಿದೆ, ಟಿವಿಯ ಹಿಂದೆ, ಮರದ ಷೋಕೇಸಿನೊಳಗೆ. ಫೈಬರ್ ಎಳೆದವರು ಅಲ್ಲಿಯೇ ಇಟ್ಟು ಹೋದರು. ಮನೆ ಕಲ್ಲುಗೋಡೆಯದು, ಒಳಗಿನ ಗೋಡೆಗಳೂ ಒಂದೂವರೆ ಅಡಿ ದಪ್ಪ. ಅಡುಗೆಮನೆಗೆ ಹೋಗಬೇಕಾದರೆ ಇಂಥ ಎರಡು ಗೋಡೆ ದಾಟಬೇಕು. ಫೋನಿನಲ್ಲಿ ಎರಡು ವೈಫೈ ಹೆಸರು ಕಾಣುತ್ತವೆ, ಒಂದರ ಕೊನೆಯಲ್ಲಿ 5ಜಿ ಎಂದಿದೆ. ಅಮ್ಮನ ಫೋನ್ ಹಿಡಿಯುವುದು ಅದನ್ನೇ.

ಬೆಳ್ಳಂದೂರು ನಿವಾಸಿ:

ಅಲ್ಲಿಗೆ ವಿಷಯ ಬಹುಮಟ್ಟಿಗೆ ಸ್ಪಷ್ಟವಾಯಿತು ಅಕ್ಕ. ವೈಫೈ ಹೆಸರಿನ ಕೊನೆಯಲ್ಲಿರುವ ಆ 5ಜಿ ಎಂದರೆ 5 ಗಿಗಾಹರ್ಟ್ಸ್, ಮೊಬೈಲ್ ಕಂಪನಿಯ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಆ ತರಂಗ ವೇಗವಾದದ್ದು, ಆದರೆ ಗೋಡೆ ದಾಟುವುದರಲ್ಲಿ ಬಡವ. ಕಲ್ಲುಗೋಡೆ ಎರಡು ದಾಟಿದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಸಂಜೆ ಸುತ್ತಲಿನ ಮನೆಗಳ ರೂಟರುಗಳೆಲ್ಲ ಆ ಮೂರರಲ್ಲಿಯೇ ಗುದ್ದಾಡುತ್ತವೆ. ಮೈಕ್ರೋವೇವ್ ಒಲೆಯೂ ಇದೇ ತರಂಗಾಂತರದ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಅಡುಗೆಮನೆಯಲ್ಲಿ ಅದು ಓಡುವಾಗ ಕರೆ ಕೆಡುವುದುಂಟು.

ಮೊದಲು ರೂಟರನ್ನು ಷೋಕೇಸಿನಿಂದ ಹೊರತೆಗೆದು, ಆಳೆತ್ತರದಲ್ಲಿ, ಬಾಗಿಲಿನ ನೇರಕ್ಕೆ ಬರುವಂತೆ ಇಡಿ. ಅದರಿಂದ ಸಾಲದಿದ್ದರೆ ರೂಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆಸಿ ಊಟದ ಮನೆಯಲ್ಲಿ ಒಂದು ಆ್ಯಕ್ಸೆಸ್ ಪಾಯಿಂಟ್ (ಅಲ್ಲಿಂದಲೂ ವೈಫೈ ಬಿತ್ತರಿಸುವ ಪುಟ್ಟ ಪೆಟ್ಟಿಗೆ) ಹಾಕಿಸಿ. ಅಂಗಡಿಯವರು ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್ ತೋರಿಸುತ್ತಾರೆ. ಅದು ಕ್ಷೀಣವಾದ ಸಿಗ್ನಲನ್ನೇ ಹಿಡಿದು ಮತ್ತೆ ಬಿತ್ತರಿಸುವುದರಿಂದ ನಿಮ್ಮಂಥ ಕಲ್ಲಿನ ಮನೆಗೆ ಕೇಬಲ್ಲೇ ಸರಿ.

ಆರ್.ಟಿ. ನಗರ ಫೋನ್ ರಿಪೇರಿ:

ರಿಂಗ್ ಆಗದಿರುವುದಕ್ಕೂ ವೈಫೈಗೂ ಸಂಬಂಧ ಕಡಿಮೆ. ಬ್ಯಾಟರಿ ಉಳಿಸುವುದಕ್ಕೆಂದು ಫೋನ್ ಆ ಆ್ಯಪ್ ಅನ್ನು ಮಲಗಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ಕರೆಯ ಆ್ಯಪ್ ಆರಿಸಿ, ಬ್ಯಾಟರಿ ಎಂಬಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಎಂದು ಮಾಡಿ. ಕೆಲವು ಕಂಪನಿಗಳ ಫೋನಿನಲ್ಲಿ 'ಆಟೋಸ್ಟಾರ್ಟ್' ಎಂಬ ಇನ್ನೊಂದು ಗುಂಡಿ ಇರುತ್ತದೆ, ಅದನ್ನೂ ಆನ್ ಮಾಡಬೇಕು. ನೋಟಿಫಿಕೇಶನ್ ಅನುಮತಿ ಇದೆಯೇ, ಡೇಟಾ ಸೇವರ್ ಆನ್ ಆಗಿದೆಯೇ ಎಂದೂ ನೋಡಿ. ನನ್ನ ಅಂಗಡಿಗೆ 'ಫೋನ್ ಕೆಟ್ಟಿದೆ, ಕರೆ ಬರುವುದಿಲ್ಲ' ಎಂದು ಹಿರಿಯರು ತರುವ ಫೋನ್‌ಗಳಲ್ಲಿ ಬಹಳಷ್ಟರ ರೋಗ ಇದೇ. ಇದಕ್ಕೆ ನಾನು ಕಾಸು ತೆಗೆದುಕೊಳ್ಳುವುದಿಲ್ಲ.

ಜಯನಗರ ವಕೀಲೆ:

ತಂತ್ರಜ್ಞಾನದ ಮಾತು ನಡೆಯಲಿ. ಆದರೆ ಎಪ್ಪತ್ತು ದಾಟಿದವರ ಕೈಗೆ ಆ್ಯಪ್ ಕರೆ ಕೊಡುವಾಗ ಹೇಳಲೇಬೇಕಾದ ಮಾತೊಂದಿದೆ. ಪೊಲೀಸ್ ಸಮವಸ್ತ್ರ ತೊಟ್ಟು ವೀಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಕರೆ ಕಡಿತ ಮಾಡಬೇಡಿ, ಯಾರಿಗೂ ಹೇಳಬೇಡಿ ಎಂದು ಹೆದರಿಸಿ ಹಣ ಕೀಳುವವರು ನಮ್ಮ ನಗರದಲ್ಲಿ ಎಷ್ಟೋ ಜನರ ಜೀವಮಾನದ ಉಳಿತಾಯವನ್ನು ದೋಚಿದ್ದಾರೆ. 'ಡಿಜಿಟಲ್ ಅರೆಸ್ಟ್' ಎಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಹೇಳಬೇಕಾಗಿ ಬಂತೆಂದರೆ ಪಿಡುಗು ಎಷ್ಟು ಹಬ್ಬಿದೆ ಎಂದು ಊಹಿಸಿ.

ಅಮ್ಮನ ಫೋನಿನಲ್ಲಿ ಎರಡು ಕೆಲಸ ಮಾಡಿ. ವಾಟ್ಸ್ಆ್ಯಪ್ ಬಳಸುತ್ತಿದ್ದರೆ ಪ್ರೈವೆಸಿ ವಿಭಾಗದ ಕಾಲ್ಸ್ ಎಂಬಲ್ಲಿ ಅಪರಿಚಿತರ ಕರೆಗಳನ್ನು ಮೌನಗೊಳಿಸುವ ಆಯ್ಕೆ 2023ರಿಂದ ಇದೆ, ಅದನ್ನು ಆನ್ ಮಾಡಿ; ಪಟ್ಟಿಯಲ್ಲಿ ಕರೆ ಕಾಣಿಸುತ್ತದೆ, ರಿಂಗ್ ಆಗುವುದಿಲ್ಲ. ಎರಡನೆಯದಾಗಿ, ವೀಡಿಯೊ ಕರೆಯ ನಡುವೆ ಪರದೆ ಹಂಚಿಕೊಳ್ಳಿ ಎಂದು ಯಾರೇ ಹೇಳಿದರೂ ಒಪ್ಪಬಾರದೆಂದು ಮನದಟ್ಟು ಮಾಡಿಸಿ, ಏಕೆಂದರೆ ಬ್ಯಾಂಕಿನ ಒಟಿಪಿ ಬಂದ ಕ್ಷಣವೇ ಅದು ಆ ಕಡೆಯವರಿಗೂ ಕಾಣುತ್ತದೆ. ಹಣ ಹೋಗಿಯೇಬಿಟ್ಟರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹನುಮಂತನಗರ ಓದುಗ:

ಅದಕ್ಕೇ ನಾನು ಹೇಳಿದ್ದು ಮಾಮೂಲಿ ಕರೆ ಸಾಕು ಎಂದು. ಇಂಥ ವಂಚಕರು ಆ್ಯಪ್ ಮೂಲಕವೇ ಬರುತ್ತಾರೆ.

ಜಯನಗರ ವಕೀಲೆ:

ಇಲ್ಲ ಸರ್, ಮೊದಲ ಕರೆ ಎಷ್ಟೋ ಪ್ರಕರಣಗಳಲ್ಲಿ ಮಾಮೂಲಿ ನಂಬರಿಗೇ ಬರುತ್ತದೆ, ಆಮೇಲೆ ವೀಡಿಯೊ ಕರೆಗೆ ಎಳೆದುಕೊಂಡು ಹೋಗುತ್ತಾರೆ. ಹೊರದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ರಾಶಿ ರಾಶಿ ಸಿಮ್ ಹಾಕಿದ ಪೆಟ್ಟಿಗೆಯ ಮೂಲಕ ಸ್ಥಳೀಯ ಕರೆಯಂತೆ ತೋರಿಸುವ ಅಕ್ರಮ ಜಾಲವನ್ನು 2021ರಲ್ಲಿ ಬೆಂಗಳೂರಿನಲ್ಲಿಯೇ ಪೊಲೀಸರು ಪತ್ತೆಹಚ್ಚಿದ್ದರು. ಸ್ಥಳೀಯ ನಂಬರ್ ಕಂಡ ಮಾತ್ರಕ್ಕೆ ನಂಬಬೇಕಾಗಿಲ್ಲ.

ವಿಜಯನಗರ ಪೈಪ್‌ಲೈನ್ ರಸ್ತೆ:

ಆ್ಯಪ್ ಕರೆಗಳನ್ನೆಲ್ಲ ಸರ್ಕಾರ ರೆಕಾರ್ಡ್ ಮಾಡುತ್ತದೆ ಎಂಬ ಸಂದೇಶ ನಮ್ಮ ಬಡಾವಣೆಯ ಗುಂಪಿನಲ್ಲಿ ಬಂದಿತ್ತು. ನಿಜವೇ?

ಬೆಳ್ಳಂದೂರು ನಿವಾಸಿ:

ಸುಳ್ಳು. ವರ್ಷ ವರ್ಷವೂ ದಿನಾಂಕ ಬದಲಿಸಿಕೊಂಡು ತಿರುಗುವ ಸಂದೇಶ ಅದು. ವಾಟ್ಸ್ಆ್ಯಪ್‌ನಲ್ಲಿ 2016ರ ಏಪ್ರಿಲ್‌ನಿಂದ ಕರೆಗಳೂ ಸಂದೇಶಗಳೂ ಎರಡೂ ತುದಿಗಳ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುವಂತೆ ಗೂಢಲಿಪಿಗೆ ಒಳಪಡುತ್ತವೆ, ಸಿಗ್ನಲ್, ಫೇಸ್‌ಟೈಮ್ ಎಂಬ ಆ್ಯಪ್‌ಗಳಲ್ಲಿ ಕೂಡ ಹೀಗೆಯೇ. ಮಾತು ನಡುವಿನವರಿಗೆ ಕೇಳಿಸದಿದ್ದರೂ ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಎಂಬ ವಿವರ ಬೇರೆ ವಿಷಯ, ಅದನ್ನು ಅತಿ ಕಡಿಮೆ ಇಟ್ಟುಕೊಳ್ಳುವುದು ಸಿಗ್ನಲ್. ನಿಮ್ಮ ಫೋನಿನಲ್ಲಿಯೇ ಕಳ್ಳ ಆ್ಯಪ್ ಕುಳಿತಿದ್ದರೆ ಇದ್ಯಾವುದೂ ಕಾಪಾಡುವುದಿಲ್ಲ.

ಚಾಮರಾಜಪೇಟೆ:

ನನ್ನ ಅಣ್ಣ ದುಬೈನಲ್ಲಿದ್ದಾನೆ. ಅಲ್ಲಿ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಮಾತ್ರ ಸೇರುವುದಿಲ್ಲ. ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್ ಬಳಸಬೇಕು. ವಿಪಿಎನ್ (ಸಂಪರ್ಕವನ್ನು ಬೇರೆ ದೇಶದ ಮೂಲಕ ಹಾಯಿಸುವ ಆ್ಯಪ್) ಹಾಕಿಕೊಂಡರೆ ಆಗುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ಜಯನಗರ ವಕೀಲೆ:

ದಯವಿಟ್ಟು ಹಾಗೆ ಸಲಹೆ ಕೊಡಬೇಡಿ. ಅಪರಾಧಕ್ಕಾಗಿ ವಿಪಿಎನ್ ಬಳಸಿದರೆ ಅಲ್ಲಿಯ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ದುಡಿಯಲು ಹೋದವರು ಒಂದು ಫೋನ್ ಕರೆಗಾಗಿ ಆ ಅಪಾಯಕ್ಕೆ ಕೈಹಾಕಬಾರದು.

ಬಸವೇಶ್ವರನಗರ:

ದುಬೈ ಮಾತು ಬಂತೆಂದು ನೆನಪಿಸುತ್ತೇನೆ, ನಮ್ಮಲ್ಲಿಯೂ ಅಂಥ ಬೇಲಿ ಬೀಳುವುದರಲ್ಲಿತ್ತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಯ ಡೇಟಾಗೆ ಪ್ರತ್ಯೇಕ ದರ ವಿಧಿಸುವುದಾಗಿ ಪ್ರಕಟಿಸಿತು. ಜನ ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆಯಿತು. 2015ರ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅಭಿಪ್ರಾಯ ಕೇಳಿದಾಗ ಸಾಮಾನ್ಯ ಜನರಿಂದ ಹತ್ತು ಲಕ್ಷದ ಹತ್ತಿರ ಇಮೇಲ್‌ಗಳು ಹೋದವು, ನನ್ನದೂ ಅದರಲ್ಲಿತ್ತು. 2016ರ ಫೆಬ್ರುವರಿಯಲ್ಲಿ ಟ್ರಾಯ್, ಡೇಟಾದಲ್ಲಿ ಹೋಗುವುದು ಏನೆಂದು ನೋಡಿ ಅದಕ್ಕೆ ಬೇರೆ ಬೇರೆ ದರ ಹಾಕಕೂಡದೆಂದು ನಿಯಮವನ್ನೇ ಮಾಡಿತು. ಇಂದು ಅಮ್ಮಂದಿರು ಗಂಟೆಗಟ್ಟಲೆ ವೀಡಿಯೊ ಕರೆಯಲ್ಲಿ ಮಾತನಾಡುವುದಕ್ಕೆ ಆಗ ಎದ್ದ ಆ ದನಿಗಳೂ ಕಾರಣ. ಈ ಹಕ್ಕನ್ನು ಮತ್ತೆ ಯಾರಾದರೂ ಕೆಣಕಿದರೆ ಸುಮ್ಮನಿರಬಾರದು.

ಶ್ರೀನಗರದ ತಂಗಿ:

ಇಲ್ಲಿ ಎಲ್ಲರೂ ಧ್ವನಿಯ ಮಾತನ್ನೇ ಆಡುತ್ತಿದ್ದೀರಿ. ನನ್ನ ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ, ನಾವು ಮಾತನಾಡುವುದು ಸಂಜ್ಞಾಭಾಷೆಯಲ್ಲಿ. 2016ರ ನವೆಂಬರಿನಲ್ಲಿ ವಾಟ್ಸ್ಆ್ಯಪ್‌ಗೆ ವೀಡಿಯೊ ಕರೆ ಬಂದ ಮೇಲೆ ಅವನ ಬಳಗದವರೆಲ್ಲ ಎಲ್ಲಿಂದ ಎಲ್ಲಿಗೆ ಬೇಕಾದರೂ ಹರಟುವಂತಾಯಿತು, ಮಾಮೂಲಿ ಫೋನ್ ಕರೆ ಅವರಿಗೆ ಎಂದೂ ಉಪಯೋಗಕ್ಕೆ ಬಂದದ್ದೇ ಇಲ್ಲ. ಚಿತ್ರ ಸ್ವಲ್ಪ ಮಸುಕಾದರೂ ತೊಂದರೆಯಿಲ್ಲ, ಆದರೆ ನಿಂತು ನಿಂತು ಬಂದರೆ ಬೆರಳಿನ ಚಲನೆ ತಪ್ಪಿ ವಾಕ್ಯವೇ ಬೇರೆಯಾಗುತ್ತದೆ. ನಾವು ಫೋನನ್ನು ಕೈಯಲ್ಲಿ ಹಿಡಿಯುವುದಿಲ್ಲ, ಎರಡೂ ಕೈ ಬೇಕಲ್ಲ. ಸ್ಟ್ಯಾಂಡಿನಲ್ಲಿ ಎದೆಮಟ್ಟಕ್ಕೆ ನಿಲ್ಲಿಸಿ, ಕಿಟಕಿಗೆ ಬೆನ್ನು ಮಾಡದೆ ಬೆಳಕಿಗೆ ಮುಖ ಮಾಡಿ ಕೂರುತ್ತೇವೆ. ಬೆಳಕು ಕಡಿಮೆಯಾದರೆ ಫೋನಿನ ಕ್ಯಾಮೆರಾ ತಾನಾಗಿಯೇ ಚೌಕಟ್ಟುಗಳ ಸಂಖ್ಯೆ ಇಳಿಸಿಬಿಡುತ್ತದೆ, ಆಗ ನೆಟ್ ಎಷ್ಟು ಚೆನ್ನಾಗಿದ್ದರೂ ಕೈ ಎಳೆದಂತೆ ಕಾಣುತ್ತದೆ. ವೀಡಿಯೊ ಕರೆ ಮಾಡುವ ಯಾರಿಗಾದರೂ ಇದು ಉಪಯೋಗವಾದೀತು.

ಕೆಂಗೇರಿ ಅಜ್ಜಿ:

ಬಹಳ ಉಪಯೋಗವಾಯಿತು ಮಗಳೇ. ಮೊಮ್ಮಗಳಿಗೂ ದೀಪ ಹಾಕಿಕೊಂಡು ಕುಣಿ ಎಂದು ಹೇಳುತ್ತೇನೆ.

ಮಲ್ಲೇಶ್ವರ ಎಂಟನೇ ಕ್ರಾಸ್:

ರೂಟರನ್ನು ಹೊರಗೆ ತಂದು ಹಾಲಿನ ಬಾಗಿಲ ಮೇಲಿನ ಹಲಗೆಯಲ್ಲಿಟ್ಟೆ. ನಡುಮನೆ, ಊಟದ ಮನೆಯಲ್ಲಿ ಈಗ ಮಾತು ನೀಟಾಗಿ ಕೇಳುತ್ತದೆ. ಬ್ಯಾಟರಿ ಸೆಟ್ಟಿಂಗ್ ಬದಲಿಸಿದ ಮೇಲೆ ರಿಂಗ್ ಕೂಡ ತಪ್ಪುತ್ತಿಲ್ಲ. ಅಡುಗೆಮನೆ ಮಾತ್ರ ಇನ್ನೂ ಹಾಗೆಯೇ ಇದೆ, ಕೇಬಲ್ ಎಳೆಸುತ್ತೇನೆ. ಇನ್ನೊಂದು ಸಂಶಯ: ಅಮ್ಮ ಮಾತನಾಡುತ್ತ ಗೇಟಿನವರೆಗೆ ಹೋದರೆ ಕರೆ ಕೆಲವು ಸೆಕೆಂಡು ಸತ್ತು ಮತ್ತೆ ಬದುಕುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಎಂದೊಂದು ಇದೆಯಲ್ಲ, ಅದನ್ನು ಹಾಕಿದರೆ ಇದು ಸರಿಹೋಗುತ್ತದೆಯೇ?

ನಿವೃತ್ತ ಎಕ್ಸ್‌ಚೇಂಜ್:

ಅದು ಬೇರೆ, ಇದು ಬೇರೆ ಮೇಡಂ. ವೈಫೈ ಕಾಲಿಂಗ್ ಎಂದರೆ ನಿಮ್ಮ ಮಾಮೂಲಿ ನಂಬರಿನ ಕರೆಯನ್ನೇ ಟವರಿನ ಬದಲು ಮನೆಯ ವೈಫೈ ಮೂಲಕ ಕಂಪನಿಗೆ ತಲುಪಿಸುವುದು. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ತಂದವು. ಟವರ್ ಸಿಗದ ಒಳಕೋಣೆ, ನೆಲಮಾಳಿಗೆಗಳಿಗೆ ಅದು ವರದಾನ, ಹಾಕಿಡಿ. ಆದರೆ ತಮ್ಮನ ಆ್ಯಪ್ ಕರೆಗೆ ಅದರಿಂದ ಪ್ರಯೋಜನವಿಲ್ಲ. ಗೇಟಿನ ಬಳಿ ನಡೆಯುವುದೇನೆಂದರೆ, ಫೋನ್ ಕ್ಷೀಣಿಸಿದ ವೈಫೈಯನ್ನು ಬಿಡಲಾರದೆ ಹಿಡಿದುಕೊಂಡಿರುತ್ತದೆ, ಕೊನೆಗೆ ಬಿಟ್ಟು ಮೊಬೈಲ್ ಡೇಟಾಗೆ ಹಾರಿದಾಗ ಅದರ ಇಂಟರ್ನೆಟ್ ವಿಳಾಸವೇ ಬದಲಾಗುತ್ತದೆ, ಆ್ಯಪ್ ಹೊಸ ದಾರಿ ಹುಡುಕಿಕೊಳ್ಳಬೇಕಾಗುತ್ತದೆ. ಹೊರಗೆ ಹೋಗುವುದಿದ್ದರೆ ಕರೆ ಶುರುಮಾಡುವ ಮೊದಲೇ ವೈಫೈ ಆಫ್ ಮಾಡುವುದು ಉತ್ತಮ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳಿಂದ 112ಕ್ಕೋ 108ಕ್ಕೋ ಕರೆ ಹೋಗುವುದಿಲ್ಲ. ಆ್ಯಪ್ ಇದೆಯಲ್ಲ ಎಂದು ಅಮ್ಮನ ಸಿಮ್ ರೀಚಾರ್ಜ್ ನಿಲ್ಲಿಸಬೇಡಿ. ಮನೆಯವರ, ಡಾಕ್ಟರರ ನಂಬರನ್ನು ಮಾಮೂಲಿ ಕರೆಯಲ್ಲಿ ಒತ್ತುವುದು ಅವರಿಗೆ ನಿದ್ದೆಗಣ್ಣಿನಲ್ಲಿಯೂ ಬರಬೇಕು.

ಹನುಮಂತನಗರ ಓದುಗ:

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಉಳಿಸಿಕೊಳ್ಳಿ, ಕರೆಂಟ್ ಹೋದರೂ ಅದು ನಡೆಯುತ್ತದೆ.

ನಿವೃತ್ತ ಎಕ್ಸ್‌ಚೇಂಜ್:

ತಾಮ್ರದ ತಂತಿಯ ಲೈನ್ ಆಗಿದ್ದರೆ ನೀವು ಹೇಳಿದ್ದು ಸರಿ. ಎಕ್ಸ್‌ಚೇಂಜಿನಲ್ಲಿರುವ 48 ವೋಲ್ಟ್ ಬ್ಯಾಟರಿಯಿಂದಲೇ ಆ ಫೋನಿಗೆ ಕರೆಂಟ್ ಬರುತ್ತಿತ್ತು. ಫೈಬರ್ ಮೇಲೆ ಕೊಟ್ಟಿರುವ ಲ್ಯಾಂಡ್‌ಲೈನ್ ಹಾಗಲ್ಲ. ಮನೆಯಲ್ಲಿರುವ ಫೈಬರ್ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ಫೋನೂ ಇಲ್ಲ, ವೈಫೈಯೂ ಇಲ್ಲ.

ಮಲ್ಲೇಶ್ವರ ಎಂಟನೇ ಕ್ರಾಸ್:

ನಮ್ಮದು ಫೈಬರ್ ಲ್ಯಾಂಡ್‌ಲೈನ್. ಮನೆಯಲ್ಲಿ ಇನ್ವರ್ಟರ್ ಇಲ್ಲ, ಮಳೆ ಬಂದಾಗ ಕರೆಂಟ್ ಹೋಗುತ್ತಲೇ ಇರುತ್ತದೆ.

ಆರ್.ಟಿ. ನಗರ ಫೋನ್ ರಿಪೇರಿ:

ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ ಅಕ್ಕ, ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಎರಡನ್ನೂ ಫೋಟೊ ತೆಗೆದುಕೊಂಡು ಹೋಗಿ. 12 ವೋಲ್ಟಿನದೂ ಇರುತ್ತವೆ, 9 ವೋಲ್ಟಿನದೂ ಇರುತ್ತವೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಒಟ್ಟಿಗೆ ಕರೆಂಟ್ ಕೊಡುವ, ಎರಡು ಔಟ್‌ಪುಟ್ ಇರುವ ಯುಪಿಎಸ್ ಕೇಳಿ. ಹೊಸದಾಗಿ ಹಾಕಿಸುವ ಆ್ಯಕ್ಸೆಸ್ ಪಾಯಿಂಟಿಗೂ ಕರೆಂಟ್ ಬೇಕು ಎಂಬುದನ್ನು ಮರೆಯಬೇಡಿ, ಇಲ್ಲವಾದರೆ ಅಡುಗೆಮನೆಯಲ್ಲಿ ಮತ್ತೆ ಅದೇ ತೊಂದರೆ.